ಒಂಬತ್ತನೇ ನಂಬರಿನವಳಿಗೆ ಎಷ್ಟು ಮಾರ್ಕು?

ನನಗೊಂದು ಕೆಟ್ಟ ಚಟವಿದೆ. ಕಂಡದ್ದಕ್ಕೆಲ್ಲ ಹತ್ತರಲ್ಲಿ ಮಾರ್ಕು ಕೊಡುವುದು. ಹೆಂಡತಿ ಸುಮತಿ ಸಾರು ಬಡಿಸಿ "ಹೇಗುಂಟು?" ಎಂದು ಕೇಳಿದರೆ, ಮರ್ಯಾದಸ್ಥ ಗಂಡಸರ ಹಾಗೆ "ಚೆನ್ನಾಗುಂಟು" ಎಂದು ಉಂಡು ಏಳುವುದನ್ನು ಬಿಟ್ಟು "ಏಳೂವರೆ" ಎನ್ನುತ್ತೇನೆ. ಉಳಿದ ಎರಡೂವರೆ ಎಲ್ಲಿ ಹೋಯಿತೆಂದು ಅವಳು ಕೇಳುವುದು, ಹುಳಿ ಸ್ವಲ್ಪ ಮುಂದೆ ಓಡಿದೆಯೆಂದು ನಾನು ಹೇಳುವುದು, ಅವಳು ಸೌಟನ್ನು ಪಾತ್ರೆಗೆ ಸದ್ದಾಗುವಂತೆ ಹಾಕುವುದು, ಇವು ನಮ್ಮ ಮನೆಯ ನಿತ್ಯಕರ್ಮ. ಒಮ್ಮೆ ಅವಳು, "ನಿಮಗೆ ನಾನು ಎಷ್ಟು ಕೊಟ್ಟಿದ್ದೇನೆ ಅಂತ ಗೊತ್ತುಂಟಾ?" ಎಂದಳು. ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಕೆಲವು ರಿಸಲ್ಟು ಬಾರದಿರುವುದೇ ಒಳ್ಳೆಯದು.

ಈ ಚಟ ಹತ್ತಿದ್ದು ಎಂಟೊಂಬತ್ತು ವರ್ಷಗಳ ಹಿಂದೆ, ಡಿಸೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ. ಇಲ್ಲಿ ಅಬುಧಾಬಿಯಲ್ಲಿ ಶುಕ್ರವಾರ, ಶನಿವಾರ ರಜೆ ಇರುತ್ತಿದ್ದ ಕಾಲ ಅದು. ಅಲ್ಲಿಯವರೆಗೆ ನಾನು ಯಾರಿಗೂ ಮಾರ್ಕು ಕೊಟ್ಟ ಕುಳವಲ್ಲ. ಅಬುಧಾಬಿಯ ಒಂದು ಲಿಫ್ಟ್ ರಿಪೇರಿ ಕಂಪನಿಯಲ್ಲಿ ಫೋನೆತ್ತುವ ಕೆಲಸ ನನ್ನದು. ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು ಗುಂಡಿ ಒತ್ತಿದರೆ ನನ್ನ ಧ್ವನಿ ಕೇಳಿಸುತ್ತದೆ. "ಹೆದರಬೇಡಿ, ಎರಡು ನಿಮಿಷ" ಎಂದು ನಾಲ್ಕು ಭಾಷೆಯಲ್ಲಿ ಹೇಳಬಲ್ಲೆ. ನಾಲ್ಕು ಭಾಷೆಯಲ್ಲೂ ಅದು ಸುಳ್ಳೇ. ಇಂಥವನನ್ನು ಫುಟ್‌ಬಾಲ್ ಆಟಗಾರರನ್ನು ಆರಿಸಲಿಕ್ಕೆ ಕೂರಿಸಿದವರು ದುಬೈಯ ವಿಠಲಣ್ಣ.

ವಿಠಲಣ್ಣ ಮಂಗಳೂರಿನಲ್ಲಿ ನಾವಿಬ್ಬರೂ ಓದಿದ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಇಲ್ಲಿನ ಅಧ್ಯಕ್ಷರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೆ ಓದಿನಲ್ಲಿ ಎರಡು ವರ್ಷ ಹಿಂದೆ. ಅದು ಬೇರೆ ಕತೆ, ಅವರು ಇದನ್ನು ಓದುವ ಸಂಭವವಿರುವುದರಿಂದ ಬಿಡುತ್ತೇನೆ. ಅವರ ಮನೆಯ ಗೋಡೆಯಲ್ಲಿ ಕಾಲೇಜು ಫುಟ್‌ಬಾಲ್ ತಂಡದ ಒಂದು ಫೋಟೋ ಇದೆ. ಹಿಂದಿನ ಸಾಲಿನ ಕೊನೆಯಲ್ಲಿ ಎದೆ ಮುಂದೆ ಮಾಡಿ ನಿಂತವನು ನಾನು. ಫೋಟೋದಲ್ಲಿ ಆಡುವವರೂ ಬೆಂಚು ಕಾಯುವವರೂ ಒಂದೇ ಅಂಗಿ ಹಾಕಿರುತ್ತಾರೆ ನೋಡಿ. ವಿಠಲಣ್ಣ ಬಂದವರಿಗೆಲ್ಲ ನನ್ನನ್ನು ತೋರಿಸಿ "ನಮ್ಮ ಸದಾನಂದ ಆಗ ದೊಡ್ಡ ಪ್ಲೇಯರ್" ಎನ್ನುತ್ತಿದ್ದರು. ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ. ಅದು ವಿನಯವಲ್ಲ, ನಾಚಿಕೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಮೂರು ವರ್ಷದಲ್ಲಿ ನಾನು ಮೈದಾನಕ್ಕೆ ಇಳಿದದ್ದು ಒಂದೇ ಸಲ. ಫೈನಲ್‌ನಲ್ಲಿ ಯಾರಿಗೋ ಪೆಟ್ಟಾಗಿ, ಕೋಚು "ಸದಾನಂದ, ಇಳಿ" ಎಂದರು. ಇಳಿದೆ. ಸುತ್ತ ಅಷ್ಟೊಂದು ಜನ, ಕೂಗು, ಧೂಳು. ಚೆಂಡು ನನ್ನ ಕಡೆಗೇ ಉರುಳಿ ಬರುತ್ತಿತ್ತು. ನಾನು ಮೀನಖಂಡ ಹಿಡಿದುಕೊಂಡು "ಅಯ್ಯೋ" ಎಂದು ಬಿದ್ದುಬಿಟ್ಟೆ. ಕಾಲಿಗೆ ಏನೂ ಆಗಿರಲಿಲ್ಲ. ನಾಲ್ಕು ಜನ ಹೊತ್ತುಕೊಂಡು ಹೋದರು, ಐಸ್ ಇಟ್ಟರು, ಒಬ್ಬ ಹುಡುಗಿ ಬಂದು "ತುಂಬ ನೋವಾ?" ಎಂದೂ ಕೇಳಿದಳು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಸುಮತಿಗೂ ಹೇಳಿಲ್ಲ. ನಿಮಗೇ ಮೊದಲು ಹೇಳುತ್ತಿರುವುದು, ನಿಮ್ಮಲ್ಲೇ ಇರಲಿ.

ನಾನು ಹೇಳಹೊರಟ ಆ ಡಿಸೆಂಬರಿನ ವರ್ಷ ನಮ್ಮ ಕಾಲೇಜಿನಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟುವುದೆಂದಾಯಿತು. ಗಲ್ಫಿನ ಮಕ್ಕಳಿಗೆ ಎರಡು ಸೀಟು, ಹಾಸ್ಟೆಲು ಸಮೇತ. ಆರಿಸಲಿಕ್ಕೆ ಊರಿನಿಂದ ಕರುಣಾಕರ ಮಾಸ್ಟ್ರು ಎಂಬ ಆಟದ ಮೇಷ್ಟರು ಬರುವುದು. ಇಲ್ಲಿನ ಭಾರತೀಯ ಶಾಲೆಗಳಲ್ಲಿ ಹನ್ನೆರಡನೇ ಕ್ಲಾಸಿನಲ್ಲಿ ಓದುವ ಒಳ್ಳೊಳ್ಳೆಯ ಆಟಗಾರ್ತಿಯರನ್ನು ಹೆಕ್ಕಿ ಅಬುಧಾಬಿಗೂ ದುಬೈಗೂ ಒಂದು ಪಂದ್ಯ ಇಡುವುದು. ಮೂವರು ಕೂತು ಮಾರ್ಕು ಹಾಕುವುದು. ಮಾಸ್ಟ್ರು ಒಬ್ಬರು, ವಿಠಲಣ್ಣ ಒಬ್ಬರು, ಮೂರನೆಯವನು ಮೀನಖಂಡದ ವೀರ.

ಮಕ್ಕಳನ್ನು ಆರಿಸುವುದೆಂದರೆ ನನಗೆ ನೆನಪಾಗುವುದು ಉಡುಪಿ ಹತ್ತಿರದ ನಮ್ಮ ಕೊಯ್ಲಾದ ಗದ್ದೆ. ಒಣಗಿದ ಬಾಳೆಲೆಯನ್ನು ಉಂಡೆ ಮಾಡಿ, ಬಾಳೆಯ ನಾರಿನಿಂದ ಬಿಗಿದು ಚೆಂಡು ಮಾಡಿಕೊಳ್ಳುತ್ತಿದ್ದೆವು. ಪಾರ್ಟಿ ಮಾಡುವ, ಎಂದರೆ ಎರಡು ಗುಂಪಾಗುವ ಕ್ರಮ ಎಷ್ಟು ಚಂದ ಅಂತೀರಿ! ಇಬ್ಬರು ಕ್ಯಾಪ್ಟನ್ನರು ಕೂರುತ್ತಾರೆ. ಉಳಿದವರು ಇಬ್ಬಿಬ್ಬರಾಗಿ ಹೆಗಲ ಮೇಲೆ ಕೈ ಹಾಕಿಕೊಂಡು ಗದ್ದೆಯಂಚಿಗೆ ಹೋಗಿ ಗುಟ್ಟಿನಲ್ಲಿ ಹೆಸರಿಟ್ಟುಕೊಳ್ಳುತ್ತಾರೆ. ತಿರುಗಿ ಬಂದು "ಹುಲಿ ಬೇಕಾ, ಸಿಂಹ ಬೇಕಾ?" "ಸೂರ್ಯ ಬೇಕಾ, ಚಂದ್ರ ಬೇಕಾ?" ಎನ್ನುತ್ತಾರೆ. ಕ್ಯಾಪ್ಟನ್ ಚಂದ್ರ ಬೇಕೆಂದರೆ ನಾನು ಅವನ ಪಾಲಿಗೆ. ಚಂದ್ರ ಇಂಥ ಪುಕ್ಕಲನೆಂದು ಅವನಿಗೆ ಗೊತ್ತಾಗುವಷ್ಟರಲ್ಲಿ ಆಟ ಸುರುವಾಗಿರುತ್ತಿತ್ತು. ಯಾರೂ ಕೊನೆಗೆ ಉಳಿಯುತ್ತಿರಲಿಲ್ಲ, ಯಾರಿಗೂ ನಾನು ಬೇಡವಾದೆ ಎಂದು ಅನಿಸುತ್ತಿರಲಿಲ್ಲ. ಎಷ್ಟೋ ಸಲ ನಾನು ಸಂಜೆಯವರೆಗೂ ಮನಸ್ಸಿನಲ್ಲಿ ಚಂದ್ರನಾಗಿಯೇ ಇರುತ್ತಿದ್ದೆ. ಅಮ್ಮ "ಸದಾ" ಎಂದು ಕರೆದರೆ ಯಾರನ್ನೋ ಕರೆದ ಹಾಗೆ ಕೇಳುತ್ತಿತ್ತು.

ಇರಲಿ, ಶುಕ್ರವಾರಕ್ಕೆ ಬರುತ್ತೇನೆ. ಮೈದಾನ ನಮ್ಮ ಮನೆಯ ಹತ್ತಿರವೇ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ಶಾಲೆಯದು. ಬೆಳಿಗ್ಗೆ ಏಳಕ್ಕೆ ಹೋದರೆ ಮೈದಾನವೇ ಇಲ್ಲ. ಅಂಥ ಮಂಜು. ಇಲ್ಲಿ ಚಳಿಗಾಲದ ಕೆಲವು ಬೆಳಗುಗಳಲ್ಲಿ ಹೀಗೆ ಮರಳು, ರಸ್ತೆ, ವಿಲ್ಲಾಗಳು ಎಲ್ಲ ಮಾಯವಾಗಿ, ಊರೇ ಇನ್ನೂ ಹುಟ್ಟಿಲ್ಲವೇನೋ ಅನಿಸುತ್ತದೆ. ದೀಪದ ಕಂಬಗಳು ಮಾತ್ರ ಮೇಲೆ ಹಳದಿಯಾಗಿ ತೇಲುತ್ತಿದ್ದವು. ಒಳಗೆಲ್ಲೋ ಚೆಂಡು ಒದೆಯುವ ಧಪ್ ಧಪ್ ಸದ್ದು. ಆಗಾಗ ಒಬ್ಬಳು ಹುಡುಗಿ ಮಂಜಿನಿಂದ ಓಡಿ ಬಂದು, ನನ್ನನ್ನು ಕಂಡು "ಗುಡ್ ಮಾರ್ನಿಂಗ್ ಅಂಕಲ್" ಎಂದು ಮತ್ತೆ ಮಂಜಿನೊಳಗೆ ಹೋಗುತ್ತಿದ್ದಳು. ಕಾಲು ಮೊದಲು ಮಾಯ, ಆಮೇಲೆ ಬೆನ್ನು, ಆಮೇಲೆ ಜಡೆ. ನಾನು ಕುರ್ಚಿಯಲ್ಲಿ ಕೂತು ಥರ್ಮಸ್ಸಿನ ಚಹಾ ಕುಡಿಯುತ್ತಾ, ಇವರಲ್ಲಿ ಯಾರು ಸೂರ್ಯ, ಯಾರು ಚಂದ್ರ ಎಂದುಕೊಳ್ಳುತ್ತಾ ಅರ್ಧ ನಿದ್ದೆಗೆ ಜಾರಿದ್ದೆ. ಅಷ್ಟು ಸುಖವಾದ ಬೆಳಗು ನನ್ನ ಗಲ್ಫ್ ಜೀವನದಲ್ಲಿ ಹೆಚ್ಚು ಬಂದಿಲ್ಲ.

ಆಗ ಪಕ್ಕದಲ್ಲಿ ಯಾರೋ ಕೆಮ್ಮಿದರು. ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಕೈಯಲ್ಲಿ ಟಿಫಿನ್ ಚೀಲ. ಹೆಸರು ಲವೀನಾ ಎಂದರು. ಅಬುಧಾಬಿ ಪೇಟೆಯೊಳಗಿನ ಖಾಲಿದಿಯಾದ ಒಂದು ಹೋಟೆಲಿನಲ್ಲಿ ರೂಮುಗಳ ಉಸ್ತುವಾರಿ ಅವರದಂತೆ. ಮಗಳನ್ನು ಶಾಲೆಯ ವ್ಯಾನಿನಲ್ಲಿ ಕಳಿಸಿ, ತಾವು ಎರಡು ಬಸ್ಸು ಬದಲಿಸಿ ಬಂದಿದ್ದರು.

"ನನ್ನ ಮಗಳು ರೆನಿಟಾ. ಒಂಬತ್ತು ನಂಬರ್ ಅಂತೆ. ಇವತ್ತಿಗೆ ಅಂತ ರಜೆ ಕೇಳಿ ತಕ್ಕೊಂಡದ್ದು ಸರ್. ಅವಳ ಪಪ್ಪ ತೀರಿಹೋಗಿ ಎರಡು ವರ್ಷ ಆಯ್ತು. ಅವರಿಗೆ ಇವಳನ್ನು ಊರಿನ ಕಾಲೇಜಲ್ಲಿ ಆಡಿಸ್ಬೇಕು ಅಂತ ಭಾರೀ ಆಸೆ ಇತ್ತು. ಈ ಸೀಟು ಸಿಕ್ಕಿದ್ರೆ ಅವಳ ದಾರಿ ಸರಿ ಆಗ್ತದೆ. ಇಲ್ಲದಿದ್ರೆ ಇಲ್ಲೇ ಎಂತದಾದ್ರೂ ಸಣ್ಣ ಕೋರ್ಸ್ ಮಾಡಿ ಕೂತ್ಕೊಳ್ತಾಳೆ."

"ಚೆನ್ನಾಗಿ ಆಡಿದ್ರೆ ಸಿಗ್ತದೆ ಬಿಡಿ" ಎಂದೆ, ಲಿಫ್ಟಿನವರಿಗೆ ಹೇಳುವ ಧ್ವನಿಯಲ್ಲಿ.

"ಆಡ್ತಾಳೆ ಸರ್, ಅದ್ರಲ್ಲಿ ಸಂಶಯ ಇಲ್ಲ" ಎಂದು ಅವರು ಮೈದಾನದ ಬದಿಗೆ ಕಟ್ಟಿದ್ದ ಹಗ್ಗದಾಚೆ ಹೋಗಿ ಕೂತರು.

ದುಬೈಯಿಂದ ಬರುವ ದಾರಿಯಲ್ಲೂ ಮಂಜಂತೆ. ವಿಠಲಣ್ಣ ಮಾಸ್ಟ್ರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು ಮುಟ್ಟುವಾಗ ಒಂಬತ್ತಾಗಿತ್ತು, ಇಲ್ಲಿ ಮಂಜು ತೆಳುವಾಗಿತ್ತು. ಜುಮ್ಮಾ ನಮಾಜಿಗೆ ಮೊದಲು ಮೈದಾನ ಖಾಲಿ ಮಾಡಬೇಕು. ಹಾಗಾಗಿ ಅರ್ಧ ಗಂಟೆಯ ಎರಡು ಪಾಳಿ ಎಂದು ತೀರ್ಮಾನವಾಯಿತು. ವಿಠಲಣ್ಣ ದುಬೈಯ ಸತ್ವಾ ಪೇಟೆಯ ಟೈಲರನ ಹತ್ತಿರ ಹೊಲಿಸಿ ತಂದ ಅಂಗಿಗಳೆಲ್ಲ ವಿಠಲಣ್ಣನ ಅಳತೆಗೇ ಇದ್ದವು. ಹುಡುಗಿಯರು ತೋಳು ಮಡಚಿ, ಸೊಂಟಕ್ಕೆ ಗಂಟು ಹಾಕಿ ಇಳಿದರು. ಮಾಸ್ಟ್ರು ಮಂಕಿ ಕ್ಯಾಪ್ ಹಾಕಿಕೊಂಡು ಕುರ್ಚಿಯಲ್ಲಿ ಮುದುಡಿ ಕೂತರು. ಅರಬರ ದೇಶದಲ್ಲಿ ಚಳಿಗೆ ಮಂಕಿ ಕ್ಯಾಪ್ ಬೇಕಾಗುತ್ತದೆಂದು ಊರಲ್ಲಿ ಹೇಳಿದರೆ ಯಾರು ನಂಬುತ್ತಾರೆ?

ನಮ್ಮ ಮೂವರಿಗೂ ಒಂದೊಂದು ಹಾಳೆ ಕೊಟ್ಟಿದ್ದರು. ವೇಗಕ್ಕೆ ಹತ್ತು, ಚೆಂಡಿನ ಹತೋಟಿಗೆ ಹತ್ತು, ಪಾಸಿಗೆ ಹತ್ತು, ಆಟದ ಬುದ್ಧಿಗೆ ಹತ್ತು. ವಿಠಲಣ್ಣ ಮೈದಾನದ ಕಡೆ ನೋಡಿದ್ದೇ ಕಡಿಮೆ. ನಮ್ಮ ಕಡೆಯವರ ಹಣೆಬರಹ ಇದು: ಇಬ್ಬರು ಎದುರಾದರೆ ಎರಡನೇ ಮಾತು "ಊರಲ್ಲಿ ಎಲ್ಲಿ?" ಮೂರನೇ ಮಾತಿಗೆ ಒಂದು ಸಂಬಂಧ ಸಿಕ್ಕಿಯೇ ಸಿಗುತ್ತದೆ. ಅವರು ಹಗ್ಗದ ಬದಿಯಲ್ಲಿ ತಂದೆತಾಯಿಯರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿಕೊಂಡು ಬಂದು ಹಾಳೆ ತುಂಬುತ್ತಿದ್ದರು.

"ನಾಲ್ಕು ನಂಬರಿನ ಹುಡುಗಿಯ ಅಜ್ಜಿ ಮನೆ ನಮ್ಮ ದೊಡ್ಡಮ್ಮನ ಮನೆಯ ಹಿಂದೆ ಮಾರಾಯ! ಎಂಥ ಒಳ್ಳೆ ಜನ ಗೊತ್ತುಂಟಾ?" ಎಂದು ಅವಳ ಪಾಸನ್ನು ಆರರಿಂದ ಎಂಟಕ್ಕೆ ಏರಿಸಿದರು.

"ವಿಠಲಣ್ಣ, ಅವಳು ಗೋಲ್‌ಕೀಪರ್. ಪಾಸು ಎಲ್ಲಿ ಮಾಡಿದ್ದಾಳೆ?"

"ಮಾಡಿದ್ರೆ ಚೆನ್ನಾಗಿ ಮಾಡ್ತಿದ್ಳು" ಎಂದರು.

ನಾನು ಮಾತ್ರ ಆಟ ನೋಡಿದೆ. ನನಗೆ ನೋಡುವುದು ಬರುತ್ತದೆ. ಮೂರು ವರ್ಷ ಬೆಂಚಿನ ಮೇಲೆ ಕೂತವನಿಗೆ ಇನ್ನೇನು ಬರಬೇಕು? ಒಂಬತ್ತನೇ ನಂಬರಿನವಳು ಓಡುವ ಚಂದ ನೋಡಿಯೇ ನನ್ನ ನಿದ್ದೆ ಹಾರಿತು. ಸಣಕಲು ಹುಡುಗಿ, ಗಿಡ್ಡ ಕೂದಲು. ಚೆಂಡು ಅವಳ ಕಾಲಿಗೆ ಬಂದರೆ ಮನೆಗೆ ಬಂದ ಹಾಗೆ. ಇಬ್ಬರನ್ನು ದಾಟಿ, ಮೂರನೆಯವಳನ್ನು ಕೂರಿಸಿ, ಗೋಲಿನೆದುರು ಒದ್ದಳು. ಠಣ್ ಎಂದು ಎಡಗಂಬಕ್ಕೆ ಬಡಿಯಿತು. ಛೆ! ಹತ್ತು ನಿಮಿಷ ಬಿಟ್ಟು ಮತ್ತೆ ಅದೇ ಓಟ, ಅದೇ ಒದೆತ, ಅದೇ ಕಂಬ, ಅದೇ ಎತ್ತರ. ಮೂರನೇ ಸಲ ಚೆಂಡನ್ನು ಸುಮ್ಮನೆ ಗೋಲ್‌ಕೀಪರಳ ಕೈಗೇ ಕೊಟ್ಟಳು. ಆಮೇಲೆ ಬಗ್ಗಿ ಶೂ ಲೇಸು ಕಟ್ಟಿಕೊಂಡಳು. ಲೇಸು ಬಿಚ್ಚಿರಲಿಲ್ಲ.

ಆ ಬಗ್ಗುವುದು ನನಗೆ ಗೊತ್ತು. ಮುಖ ಮುಚ್ಚಿಕೊಳ್ಳಲಿಕ್ಕೆ ಕಾಲನ್ನು ನೆಪ ಮಾಡುವುದು. ಮೈದಾನದಲ್ಲಿ ಸುಳ್ಳೇ ಬಿದ್ದವನಿಗೆ ಸುಳ್ಳೇ ಗುರಿ ತಪ್ಪುವವರು ಕಾಣದೆ ಇರುತ್ತಾರೆಯೇ?

ಅರ್ಧ ಆಟ ಮುಗಿದು ಕಿತ್ತಳೆ ಹಂಚುವಾಗ ನಾನೇ ಒಂದು ಹೋಳು ಹಿಡಿದುಕೊಂಡು ಅವಳ ಹತ್ತಿರ ಹೋದೆ.

"ಒಂದೇ ಕಂಬಕ್ಕೆ ಎರಡು ಸಲ ಹೊಡೀಲಿಕ್ಕೆ ಗೋಲು ಹೊಡೆಯುವುದಕ್ಕಿಂತ ಕಷ್ಟ ಅಲ್ವಾ ಮಗಾ?"

ಅವಳು ಸುತ್ತ ನೋಡಿದಳು. "ಅಂಕಲ್, ಪ್ಲೀಸ್. ಡೋಂಟ್ ಟೆಲ್ ಮಮ್ಮಿ."

"ಯಾಕೆ ಹೀಗೆ?"

"ನಾನು ಹೋದ್ರೆ ಮಮ್ಮಿ ಅಲೋನ್ ಆಗ್ತಾಳೆ. ಡ್ಯೂಟಿಯಿಂದ ಬಂದು ನಾನು ಇಲ್ಲದಿದ್ರೆ ಊಟವೇ ಮಾಡೋದಿಲ್ಲ. ನನಗೆ ಇಲ್ಲಿ ಇರ್ಲಿಕ್ಕೆ ಆಗ್ತದೆ ಅಂಕಲ್. ಹುಡುಗಿ ಅಲ್ವಾ, ಮದುವೆ ಆಗುವವರೆಗೆ ಮಮ್ಮಿಯ ವೀಸಾದಲ್ಲಿ ಇರ್ಬಹುದು. ಇವತ್ತು ಸೆಲೆಕ್ಟ್ ಆಗದಿದ್ರೆ ಖಲಾಸ್, ಅವಳು ಮತ್ತೆ ಕೇಳೋದಿಲ್ಲ."

"ಹೋಗುವುದಿಲ್ಲ ಅಂತ ಅಮ್ಮನಿಗೇ ಹೇಳ್ಬಹುದಲ್ಲ?"

"ಹೇಳಿದ್ರೆ ಅಳ್ತಾಳೆ. ಅಳ್ತಾ ಅಳ್ತಾ ನನ್ನ ಬ್ಯಾಗ್ ಪ್ಯಾಕ್ ಮಾಡ್ತಾಳೆ. ಯೂ ಡೋಂಟ್ ನೋ ಹರ್."

"ನಿನಗೆ ಆಡ್ಲಿಕ್ಕೆ ಇಷ್ಟ ಇಲ್ವಾ?"

ಕಿತ್ತಳೆ ತಿನ್ನುತ್ತಿದ್ದವಳು ನಿಲ್ಲಿಸಿದಳು. "ಬೇರೆ ಎಂತದೂ ಇಷ್ಟ ಇಲ್ಲ ಅಂಕಲ್" ಎಂದಳು. ಕಣ್ಣಲ್ಲಿ ನೀರಿತ್ತು.

ನಾನು ಸುಳ್ಳೇ ಬಿದ್ದದ್ದು ನನ್ನ ಹೆದರಿಕೆಗೆ. ಈ ಕೂಸು ಗುರಿ ತಪ್ಪುತ್ತಿರುವುದು ಅಮ್ಮನಿಗಾಗಿ. ಆಯಿತು ಎಂದು ತಲೆಯಾಡಿಸಿ ಬಂದು ಕೂತೆ. ಅವಳ ಹೆಸರಿನ ಮುಂದೆ ನಾಲ್ಕು, ನಾಲ್ಕು, ಐದು, ನಾಲ್ಕು ಎಂದು ಬರೆದು, ಪರೀಕ್ಷೆಯಲ್ಲಿ ಪಕ್ಕದವನಿಗೆ ಕಾಣದ ಹಾಗೆ ಅಡ್ಡ ಕೈ ಇಟ್ಟುಕೊಂಡೆ. ಏನೋ ದೊಡ್ಡ ಪುಣ್ಯದ ಕೆಲಸ ಮಾಡಿದೆನೆಂದು ಅನಿಸಿತು. ಎರಡು ನಿಮಿಷ ಕಳೆದ ಮೇಲೆ, ಪಾಪದ ಕೆಲಸವೇನೋ ಎಂದೂ ಅನಿಸಿತು. ಪಕ್ಕದಲ್ಲಿ ಮಾಸ್ಟ್ರು ಕಣ್ಣು ಮುಚ್ಚಿದ್ದರೋ ತೆರೆದಿದ್ದರೋ ಮಂಕಿ ಕ್ಯಾಪಿನಿಂದಾಗಿ ತಿಳಿಯುತ್ತಿರಲಿಲ್ಲ.

ಎರಡನೇ ಪಾಳಿ ಸುರುವಾಯಿತು. ಮಂಜು ಪೂರ್ತಿ ಕರಗಿ ಬಿಸಿಲು ಬಿದ್ದಿತ್ತು. ರೆನಿಟಾ ಮತ್ತೆ ಒಂದು ಚೆಂಡನ್ನು ಕಂಬದ ಹೊರಗೆ ಕಳಿಸಿದಳು. ಆಗ ಲವೀನಾ ಹಗ್ಗ ದಾಟಿ ನನ್ನ ಹತ್ತಿರ ಬಂದರು.

"ಹೇಗೆ ಆಡ್ತಿದ್ದಾಳೆ ಸರ್?"

"ಇವತ್ತು ಸ್ವಲ್ಪ ಲಕ್ಕು ಕೈಕೊಟ್ಟಿದೆ ಅನ್ಸ್ತದೆ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ನೀವೂ ಅವಳ ಪಾರ್ಟಿಯಾ ಸರ್?"

ನಾನು ಹಾಳೆಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡೆ.

"ಎಂಟು ವರ್ಷದಿಂದ ಅವಳ ಆಟ ನೋಡ್ತಾ ಇದ್ದೇನೆ. ನನಗೆ ಆಟದ ಕಾನೂನು ಗೊತ್ತಿಲ್ಲ, ಅವಳು ಗೊತ್ತು. ಗೋಲು ತಪ್ಪಿದ್ರೆ ಅವಳು ನಗ್ತಾಳೆ. ತನ್ನ ತಲೆಗೆ ತಾನೇ ಹೊಡ್ಕೊಂಡು ನಗ್ತಾಳೆ. ಇವತ್ತು ಒಂದು ಸಲವೂ ನಗ್ಲಿಲ್ಲ. ನನ್ನನ್ನೇ ನೋಡ್ತಾ ಇದ್ದಾಳೆ."

"ನಿಮ್ಮನ್ನು ಬಿಟ್ಟು ಹೋಗ್ಲಿಕ್ಕೆ ಅವಳಿಗೆ ಮನಸ್ಸಿಲ್ಲ ಅಮ್ಮಾ" ಎಂದುಬಿಟ್ಟೆ. ಮಗುವಿಗೆ ಕೊಟ್ಟ ಮಾತು ಇಪ್ಪತ್ತು ನಿಮಿಷವೂ ಉಳಿಯಲಿಲ್ಲ.

"ಗೊತ್ತುಂಟು" ಎಂದರು ಲವೀನಾ. "ನನಗೆ ಕಳಿಸ್ಲಿಕ್ಕೆ ಮನಸ್ಸುಂಟು ಅಂತ ಮಾಡಿದ್ರಾ?"

ಅಷ್ಟು ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ಹಿಂದಿನ ದಾರಿಯಿಂದಲ್ಲ, ಮೈದಾನದ ಗೆರೆಯ ಉದ್ದಕ್ಕೂ, ಮಗಳಿಗೆ ಕಾಣುವ ಹಾಗೆ. ರೆನಿಟಾ ಆಟ ಬಿಟ್ಟು ಗೆರೆಯ ಹತ್ತಿರ ಓಡಿ ಬಂದಳು.

"ಮಮ್ಮೀ! ಎಲ್ಲಿಗೆ?"

"ಮನೆಗೆ. ನೀನು ಆಡುವುದಿಲ್ಲ, ಮತ್ತೆ ನನಗೆ ಇಲ್ಲಿ ಎಂತ ಕೆಲಸ?"

ತಿರುಗಿ ನೋಡದೆ ಗೇಟು ದಾಟಿ ಹೋದರು. ರೆನಿಟಾ ನಿಂತೇ ಇದ್ದಳು. ಯಾರೋ "ನೈನ್! ನೈನ್!" ಎಂದು ಕೂಗಿ ಚೆಂಡು ಕಳಿಸಿದರು, ಅದು ಅವಳ ಕಾಲ ಪಕ್ಕದಲ್ಲೇ ಉರುಳಿ ಹೊರಗೆ ಹೋಯಿತು. ಕೊನೆಯ ಹದಿನೈದು ನಿಮಿಷ ಉಳಿದಿತ್ತು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಆಡು ಮಗಾ, ಆಡು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ, ಈಗ ತಾನೇ ನಾಲ್ಕು ಕೊಟ್ಟ ಅದೇ ನಾನು.

ಆಮೇಲೆ ಅವಳು ಆಡಿದ್ದನ್ನು ನಾನು ಹೇಳಲಾರೆ. ಸಿಟ್ಟು, ಅಳು, ಎಲ್ಲ ಕಾಲಿಗೆ ಇಳಿದಿತ್ತು. ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಾ ಓಡುತ್ತಿದ್ದಳು. ಮೊದಲನೆಯ ಗೋಲು ಬಲೆಯ ಮೂಲೆಗೆ ಹೋದಾಗ ದುಬೈಯ ಹುಡುಗಿಯರೂ ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ವಿಠಲಣ್ಣ ಒಬ್ಬರ ಮನೆತನದ ವಿಚಾರವನ್ನು ಅರ್ಧಕ್ಕೇ ಬಿಟ್ಟು "ಓ ದೇವರೇ, ಇವಳು ಯಾವ ಊರಿನವಳು ಮಾರಾಯ!" ಎಂದು ಎದ್ದು ನಿಂತರು.

ಸೀಟಿ ಊದಿದಾಗ ನಾನು ನನ್ನ ಹಾಳೆಯ ನಾಲ್ಕುಗಳನ್ನು ಹೊಡೆದುಹಾಕುತ್ತಿದ್ದೆ. ಒತ್ತಿ ಗೀಚಿದ್ದಕ್ಕೆ ಕಾಗದ ಹರಿಯಿತು. ಮಾಸ್ಟ್ರು ಬಗ್ಗಿ ನೋಡಿದರು. ಅವರ ಹಾಳೆಯಲ್ಲಿ ಒಂಬತ್ತನೇ ನಂಬರಿನ ಮುಂದೆ ಅಲ್ಲಿಯವರೆಗೆ ಏನೂ ಬರೆದಿರಲಿಲ್ಲ.

"ಮಾಸ್ಟ್ರೇ, ನಿಮಗೂ ಗೊತ್ತಾಗಿತ್ತಾ?"

"ಆಡಿದ ಮೇಲೆ ಬರೆಯುವಾ ಅಂತ ಕಾಯ್ತಾ ಇದ್ದೆ" ಎಂದು ಅವರು ಪೆನ್ನಿನ ಟೊಪ್ಪಿ ತೆಗೆದರು. "ಒಂದು ಸೀಟು ಇವಳಿಗೆ. ಆ ತಾಯಿಗೆ ಹೋಗಿ ಹೇಳಿ, ಬಸ್ಸು ಹತ್ತಿಯಾರು."

ನಾನು ಓಡಿದೆ. ಕಾಲೇಜು ಬಿಟ್ಟ ಮೇಲೆ ಓಡಿದ್ದು ಅದೇ ಮೊದಲು. ಬಸ್‌ಸ್ಟಾಪಿನವರೆಗೆ ಓಡಬೇಕಾಗಲಿಲ್ಲ. ಲವೀನಾ ಗೇಟಿನ ಹೊರಗೆ, ಕಂಪೌಂಡು ಗೋಡೆಗೆ ಕಿವಿ ಒತ್ತಿದ ಹಾಗೆ ನಿಂತಿದ್ದರು.

"ಎರಡು ಸಲ ಕೂಗು ಕೇಳ್ತು" ಎಂದರು. "ಯಾರದ್ದು ಸರ್?"

"ಎರಡೂ ನಿಮ್ಮ ಮಗಳದ್ದು. ಸೀಟು ಆಯ್ತು ಅಮ್ಮಾ. ಮಾಸ್ಟ್ರು ಬರೆದಾಯ್ತು."

ಅವರು ಶಿಲುಬೆಯ ಗುರುತು ಮಾಡಿಕೊಂಡರು. ನಕ್ಕರು. "ದೇವರು ದೊಡ್ಡವನು" ಎಂದರು. ನಗುತ್ತಿದ್ದ ಹಾಗೆಯೇ ರಸ್ತೆಯಂಚಿನ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ. ಒಳಗೆ ಹುಡುಗಿಯರು ಒಂಬತ್ತನೇ ನಂಬರಿನವಳನ್ನು ಎತ್ತಿ ಕುಣಿಯುತ್ತಿದ್ದ ಗದ್ದಲ ಕೇಳಿಸುತ್ತಿತ್ತು. ಲವೀನಾ ಟಿಫಿನ್ ಚೀಲವನ್ನು ಮಡಿಲಿಗೆ ಎಳೆದುಕೊಂಡು ನನ್ನ ಕಡೆ ತಿರುಗಿದರು.

"ಸರ್, ಒಬ್ಬಳಿಗೆ ಅಂತ ಎಷ್ಟು ಅಕ್ಕಿ ಹಾಕುವುದು? ನನಗೆ ಗೊತ್ತೇ ಇಲ್ಲ."